ಹದಿನೇಳನೇ ನಂಬರಿನ ಸೋಮವಾರಗಳು

೫ ಜನವರಿ, ಭಾನುವಾರ

ನನ್ನ ಮೆಣಸಿನಕಾಯಿಗೆ,

ಕಾಗದ ಬಂತು. ಎರಡು ವರ್ಷದ ಮೇಲೆ ಮಗಳ ಕಾಗದ, ಅದೂ ನಾಲ್ಕೇ ಸಾಲು! “ಬಲಗಣ್ಣಿನ ಒಳಪರದೆಯಲ್ಲಿ ತೂತು ಬಿದ್ದಿದೆ. ಮಾರ್ಚ್ ಹದಿನೆಂಟಕ್ಕೆ ಆಪರೇಷನ್. ಆಮೇಲೆ ಹತ್ತು ದಿನ ಬೋರಲಾಗಿಯೇ ಇರಬೇಕು, ತಿಂಗಳೊಪ್ಪತ್ತು ಕೆಲಸ ಮಾಡುವಂತಿಲ್ಲ. ಯಾರಾದರೂ ಜೊತೆಗಿರಬೇಕಂತೆ.” ಮುಗಿಯಿತು. ಯಾರಾದರೂ! ಹೆತ್ತಪ್ಪನಿಗೆ ಬರೆಯುವ ಕಾಗದದಲ್ಲಿ ‘ಯಾರಾದರೂ’! ಬಾಡಿಗೆಗೆ ಮನೆ ಹುಡುಕುವವರೂ ಇಷ್ಟು ಒಣಗಿದ ಮಾತು ಬರೆಯುವುದಿಲ್ಲ ಕಣೇ.

ಕೇಳು. ಬಾಯ್ಲರ್ ಮನೆಯಿಂದ ಅಪ್ಪನ ಗಂಟಲು ಅಲ್ಲಿಗೆ ಕೇಳಿಸುವಂತೆ ಹೇಳುತ್ತಿದ್ದೇನೆ: ಆ ಯಾರಾದರೂ ನಾನೇ! ಈ ಬಣ್ಣದ ಕಾರ್ಖಾನೆಯ ಬಾಯ್ಲರಿನ ಹೊಟ್ಟೆಗೆ ಮೂವತ್ತೊಂದು ವರ್ಷ ಬೆಂಕಿಯಿಟ್ಟವನು, ಪ್ರಾಯದಲ್ಲಿ ನಾಟಕ ಕಂಪನಿಯಲ್ಲಿ ರಾಜನ ಪಾರ್ಟು ಮಾಡಿ ಕೊನೆಯ ಬೆಂಚಿನವರ ನಿದ್ದೆ ಕೆಡಿಸಿದವನು, ನಾನು ಬರುತ್ತೇನೆ. ನನ್ನ ಖಾತೆಯಲ್ಲಿ ನಲವತ್ತಾರು ದಿನ ಗಳಿಕೆ ರಜೆ ಇದೆ. ಬಾಯ್ಲರ್ ಮನೆಯ ಕದದ ಹಿಂದೆ ಸೀಮೆಸುಣ್ಣದಲ್ಲಿ ಗೀಟು ಹಾಕಿಟ್ಟಿದ್ದೇನೆ. ಸಾಯುವ ಮೊದಲು ನಮ್ಮ ಮುದುಕ ಟೈಂ ಕೀಪರ್ ಕೂಡ ಎಣಿಸಿ, “ಒಡೆಯಾ, ಇಷ್ಟು ರಜೆ ಇಟ್ಕೊಂಡು ಏನ್ ಮಾಡ್ತೀಯಾ, ಉಪ್ಪಿನಕಾಯಿ ಹಾಕ್ತೀಯಾ?” ಎಂದಿದ್ದ.

ಅಚ್ಚುಕೂಟದ ಕರಡು ತಿದ್ದಿ ತಿದ್ದಿ ಕಣ್ಣಿಗೆ ತೂತು ಬೀಳಿಸಿಕೊಂಡವಳೇ, ನೀನು ಬೋರಲು ಮಲಗು. ನಾನು ಪಕ್ಕದಲ್ಲಿ ಕೂತು ಪೇಪರು ಓದುತ್ತೇನೆ. ಕೆಳಗಿನ ಯಂತ್ರದ ಸದ್ದನ್ನೂ ಮೀರಿಸಿ ಓದುತ್ತೇನೆ.

ನಿನ್ನ
ಅಪ್ಪ


೧೪ ಜನವರಿ

ಅಪ್ಪ,

ನಿನ್ನ ಕಾಗದದಲ್ಲಿ ಹನ್ನೊಂದು ತಪ್ಪಿವೆ. ಕೆಂಪಿನಲ್ಲಿ ಗುರುತು ಮಾಡಿ ಇಟ್ಟುಕೊಂಡಿದ್ದೇನೆ.

ನಾನಿರುವುದು ಈಗಲೂ ಅಚ್ಚುಕೂಟದ ಮೇಲಿನ ಕೋಣೆ. ಹದಿನಾಲ್ಕು ಮೆಟ್ಟಿಲು, ಒಂದು ಕಿಟಕಿ. ಆಪರೇಷನ್ ಆದ ಮೇಲೆ ಮೇಜಿನ ತುದಿಗೆ ದಿಂಬು ಕಟ್ಟಿ ಅದರಲ್ಲಿ ಹಣೆಯೂರಿ ಕೂರಬೇಕು. ಊಟವೂ ಹಾಗೆ, ನಿದ್ದೆಯೂ ಹಾಗೆ. ಕಣ್ಣೊಳಗೆ ಗಾಳಿಯ ಗುಳ್ಳೆ ತುಂಬುತ್ತಾರಂತೆ. ತಲೆ ಎತ್ತಿದರೆ ಗುಳ್ಳೆ ಜಾರುತ್ತದೆ, ತೂತು ಮುಚ್ಚುವುದಿಲ್ಲ, ಆ ಕಣ್ಣು ಹೋದಂತೆಯೇ. ಕರಡು ತಿದ್ದುವವಳಿಗೆ ಒಂದು ಕಣ್ಣು ಹೋದರೆ ಏನುಳಿಯುತ್ತದೆ ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೇ ಯಾರಾದರೂ ಬೇಕು. ಪಕ್ಕದ ಮನೆಯಾಕೆ ಎರಡು ದಿನ ಬರುತ್ತೇನೆ ಎಂದಿದ್ದಾರೆ. ಉಳಿದದ್ದಕ್ಕೆ ನಿನಗೆ ಬರೆದೆ.

ಆಸ್ಪತ್ರೆಗೆ ಸೇರಿಸಿಕೊಳ್ಳುವುದು ಹಿಂದಿನ ದಿನ, ಹದಿನೇಳರ ಮಧ್ಯಾಹ್ನ ಮೂರಕ್ಕೆ. ಅದು ಸೋಮವಾರ. ಡಾಕ್ಟರು ‘ಸೋಮವಾರ’ ಎಂದ ತಕ್ಷಣ ನನಗೆ ನಗು ಬಂತು. ಅವರು ಯಾಕೆಂದು ಕೇಳಿದರು. ಏನಿಲ್ಲ ಎಂದೆ.

ನೀನು ಬರುವುದನ್ನು ನಂಬುವುದಿಲ್ಲ. ಬಂದರೆ ಬೇಡ ಎನ್ನುವುದಿಲ್ಲ.

ಮಗಳು


೨೬ ಜನವರಿ, ಭಾನುವಾರ

ಮೆಣಸಿನಕಾಯಿ,

ಕೂತುಕೋ. ಕೂತೇ ಓದು. ನಿನ್ನ ಅಪ್ಪ ಕಳೆದೊಂದು ವರ್ಷದಿಂದ ಸೋಮವಾರಗಳಂದು ಈ ಭೂಮಿಯ ಮೇಲೆ ಇರಲಿಲ್ಲ ಎಂದು ಗೊತ್ತಾಗಿದೆ!

ಶುಕ್ರವಾರ ರಜೆ ಅರ್ಜಿ ಹಿಡಿದು ಆಫೀಸಿಗೆ ಹೋದೆ. ಮುದುಕನ ಕುರ್ಚಿಯಲ್ಲಿ ಈಗ ರಜಾ ಅಧಿಕಾರಿ ಎಂಬೊಂದು ಪ್ರಾಣಿ ಕೂತಿದೆ. ನಾವೆಲ್ಲ ಇಸ್ತ್ರಿ ಸಾಹೇಬ ಎನ್ನುತ್ತೇವೆ. ಪ್ಯಾಂಟಿನ ಗೆರೆಯಲ್ಲಿ ಸೌತೆಕಾಯಿ ಹೆಚ್ಚಬಹುದು. ಮುಖಕ್ಕೂ ಇಸ್ತ್ರಿ ಹಾಕಿಸಿದ್ದಾನೆ, ಒಂದು ಭಾವನೆಯ ಸುಕ್ಕೂ ಇಲ್ಲ. ತಲೆ ಎತ್ತದೆ ಕೇಳಿದ:

“ನಂಬರು?”

“ಹದಿನೇಳು.”

“ಎರಡು ದಿನ ಇದೆ.”

“ನಲವತ್ತಾರು ಸ್ವಾಮಿ.”

“ಇತ್ತು. ನಲವತ್ನಾಲ್ಕು ತಗೊಂಡಿದ್ದೀರಿ.”

“ನಾನಾ? ಯಾವಾಗ?”

“ಸೋಮವಾರ.”

“ಯಾವ ಸೋಮವಾರ?”

“ಎಲ್ಲಾ ಸೋಮವಾರ.”

ಅಯ್ಯೋ ವಿಧಿಯೇ, ಎಂದೆ. ಟೈಪು ಮಾಡುವಾಕೆಯ ಬೆರಳು ನಿಂತುಬಿಟ್ಟವು.

ನಮ್ಮ ಗೇಟಿನ ಪದ್ಧತಿ ನಿನಗೆ ನೆನಪಿದೆಯಲ್ಲ? ಹಲಗೆಯ ಮೇಲೆ ಸಾಲು ಮೊಳೆ, ಮೊಳೆಗೊಂದು ನಂಬರಿನ ಹಿತ್ತಾಳೆ ಬಿಲ್ಲೆ. ಬಂದವರು ತಮ್ಮ ಬಿಲ್ಲೆ ತೆಗೆದು ಪೆಟ್ಟಿಗೆಗೆ ಹಾಕಬೇಕು. ಎಂಟಕ್ಕೆ ಸೈರನ್ ಕೂಗಿದಾಗ ಪೆಟ್ಟಿಗೆಗೆ ಬೀಗ. ಹಲಗೆಯಲ್ಲಿ ಯಾರ ಬಿಲ್ಲೆ ನೇತಾಡುತ್ತಿದೆಯೋ ಅವರು ರಜೆ. ನನಗೆ ಮಾತ್ರ ಸೋಮವಾರ ಬೇರೆ ದಾರಿ. ಭಾನುವಾರವೆಲ್ಲ ತಣ್ಣಗಾದ ಬಾಯ್ಲರನ್ನು ಎಬ್ಬಿಸಲು ನಾಲ್ಕು ತಾಸು ಬೇಕು. ಅದಕ್ಕೆ ಪರವಾನಗಿ ಇರುವುದು ನನ್ನೊಬ್ಬನಿಗೇ. ಹಾಗಾಗಿ ಸೋಮವಾರ ಬೆಳಗಿನ ಜಾವ ಹಿಂದಿನ ಸೌದೆ ಗೇಟಿನಿಂದ, ನನ್ನದೇ ಬೀಗದ ಕೈಯಲ್ಲಿ ಒಳಗೆ ಬರುತ್ತೇನೆ. ಮುಂದಿನ ಗೇಟು ತೆರೆಯುವುದೇ ಏಳೂವರೆಗೆ. ಆ ಹೊತ್ತಿಗೆ ನಾನು ಹಬೆಯ ಮುಳ್ಳಿನ ಮೇಲೆ ಕಣ್ಣಿಟ್ಟು ನಿಂತಿರುತ್ತೇನೆ, ಆ ಜಾಗ ಬಿಟ್ಟು ಕದಲುವಂತಿಲ್ಲ. ನನ್ನ ಬಿಲ್ಲೆ ಹಲಗೆಯಲ್ಲೇ ಇರುತ್ತದೆ. ಮುದುಕ ಏನು ಮಾಡುತ್ತಿದ್ದ? ಎಂಟಕ್ಕೆ ಸೈರನ್ ಕೂಗಿತೋ, ತಾನೇ ಎದ್ದು ಹದಿನೇಳನೇ ಬಿಲ್ಲೆ ತೆಗೆದು, “ಕೂಗಿದವನು ಬಂದಿದ್ದಾನೆ” ಎಂದು ಪೆಟ್ಟಿಗೆಗೆ ಹಾಕುತ್ತಿದ್ದ. ಮೂವತ್ತು ವರ್ಷ! ಯಾವ ಕಾಗದದಲ್ಲೂ ಇದನ್ನು ಬರೆದಿಡಲಿಲ್ಲ. ಸತ್ತ. ಇಸ್ತ್ರಿ ಬಂದ. ನೇತಾಡುವ ಬಿಲ್ಲೆ ಕಂಡ, ರಜೆ ಬರೆದ. ರಜೆ ಬಾಕಿ ಇದ್ದದ್ದರಿಂದ ಸಂಬಳ ಎಂದಿನಂತೆ ಬಂತು, ನನಗೆ ಸುಳಿವೇ ಸಿಗಲಿಲ್ಲ.

“ಆ ಸೈರನ್ ಕೂಗೋದೇ ನನ್ನ ಹಬೆಯಿಂದ ಮಹಾರಾಯರೇ! ನಾನಿಲ್ಲದೆ ಬಾಯ್ಲರು ಹೊತ್ತಿಸಿದ್ದು ಯಾರು, ನಿಮ್ಮ ಮಾವನಾ?”

“ಅದು ಉತ್ಪಾದನಾ ವಿಭಾಗ. ನಂದು ರಜಾ ವಿಭಾಗ.”

“ಮುನ್ನೂರು ಜನ ಸಾಕ್ಷಿ ಹೇಳ್ತಾರೆ.”

“ಬಾಯಿ ಮಾತಿಗೆ ಕಾಲಂ ಇಲ್ಲ. ಬರೆದು ಕೊಡಿ.”

ಬರೆದು ಕೊಟ್ಟಿದ್ದೇನೆ. ಗೆಲ್ಲುತ್ತೇನೆ. ಇಂಥ ಕಾಗದದ ಹುಲಿಗಳನ್ನು ನಾಟಕ ಕಂಪನಿಯಲ್ಲಿದ್ದಾಗ ದಿನಕ್ಕೆರಡು ಕೊಂದಿದ್ದೇನೆ!

ನಿನ್ನ
ಅಪ್ಪ


೬ ಫೆಬ್ರವರಿ

ಅಪ್ಪ,

ಒಳ್ಳೆಯ ದೃಶ್ಯ. ಸಂಭಾಷಣೆ ಚುರುಕಾಗಿದೆ. ಟೈಪಿನಾಕೆಯ ಬೆರಳು ನಿಂತದ್ದು ತುಂಬಾ ಚೆನ್ನಾಗಿದೆ.

ಆದರೆ ಈ ನಾಟಕ ನಾನು ನೋಡಿದ್ದೇನೆ. ಶಾಲೆಯ ಬಹುಮಾನದ ದಿನ ಬಾಯ್ಲರು ಕೆಟ್ಟಿತ್ತು. ನನ್ನನ್ನು ಈ ಊರಿಗೆ ಬಸ್ಸು ಹತ್ತಿಸುವ ದಿನ ತಪಾಸಣೆಯವರು ಬಂದಿದ್ದರು. ಪ್ರತಿ ಸಲವೂ ಖಳನಾಯಕ ಬೇರೆ, ಕೊನೆಯ ಅಂಕ ಒಂದೇ: ಅಪ್ಪ ಬರುವುದಿಲ್ಲ. ಈ ಸಲ ಹಿತ್ತಾಳೆ ಬಿಲ್ಲೆ. ಹೊಸತು, ಒಪ್ಪಿಕೊಂಡೆ.

ನೀನು ಸುಳ್ಳು ಹೇಳುತ್ತೀ ಎನ್ನುವುದಿಲ್ಲ. ಸುಳ್ಳಾಗಿದ್ದರೆ ಇದಕ್ಕಿಂತ ಚೆನ್ನಾಗಿರುತ್ತಿತ್ತು. ನಾಯಿಯೂ ಮೂಸದ ಆ ಕಾರ್ಖಾನೆಗೆ ಮೂವತ್ತೊಂದು ವರ್ಷ ನೀನು ಕೊಟ್ಟ ಮರ್ಯಾದೆಯನ್ನು ಈಗ ಅವರು ಒಂದು ಮೊಳೆಗೆ ನೇತುಹಾಕಿ ತೋರಿಸಿದ್ದಾರೆ. ಇದರಲ್ಲಿ ಆಶ್ಚರ್ಯಪಡುವವನು ನೀನೊಬ್ಬನೇ.

ಅಮ್ಮನ ಸೋಮವಾರದ ಬಗ್ಗೆ ನಾವು ಈವರೆಗೆ ಮಾತಾಡಿಲ್ಲ. ಈಗಲೂ ಬೇಡ.

ಈ ಅಕ್ಷರ ದೊಡ್ಡದಾಗಿದೆ, ಗೊತ್ತು. ಸಣ್ಣದಾಗಿ ಬರೆದರೆ ಸಾಲು ನಡುವೆ ಬಾಗುತ್ತಿದೆ.

ಮಗಳು


೧೨ ಫೆಬ್ರವರಿ

ಬಾಯ್ಲರ್ ವಿಭಾಗದ ಹದಿನೇಳನೇ ನಂಬರಿನವರಿಗೆ,

ತಮ್ಮ ಮನವಿಯನ್ನು ಪರಿಶೀಲಿಸಲಾಗಿದೆ. ಪ್ರತಿ ಸೋಮವಾರ ಎಂಟು ಗಂಟೆಗೆ ಸರಿಯಾಗಿ ಸೈರನ್ ಕೂಗಿದ ನಂತರ ಕೆಳಗೆ ಸಹಿ ಮಾಡಿರುವ ನಾನು ಖುದ್ದಾಗಿ ಹಲಗೆಯನ್ನು ಪರೀಕ್ಷಿಸಿರುತ್ತೇನೆ. ನಲವತ್ನಾಲ್ಕು ಸೋಮವಾರಗಳಲ್ಲಿಯೂ ತಮ್ಮ ಬಿಲ್ಲೆ ಹಲಗೆಯ ಮೇಲೆಯೇ ಇದ್ದು, ತಾವು ಕಾರ್ಖಾನೆಯಲ್ಲಿ ಇಲ್ಲದಿರುವುದು ದೃಢಪಟ್ಟಿರುತ್ತದೆ. ಹಾಜರಿಗೆ ಬಿಲ್ಲೆಯೇ ಪ್ರಮಾಣ. ಮೃತ ನೌಕರರ ಮೌಖಿಕ ಪದ್ಧತಿಗಳನ್ನು ಪರಿಗಣಿಸಲು ಅವಕಾಶವಿರುವುದಿಲ್ಲ.

ತಮ್ಮ ಮನವಿ ವಜಾ ಆಗಿದೆ. ಈ ವರ್ಷದ ಸೋಮವಾರಗಳನ್ನು ವರ್ಷಾಂತ್ಯದಲ್ಲಿ ನಮೂದಿಸಲಾಗುವುದರಿಂದ, ಉಳಿದ ಎರಡು ದಿನ ರಜೆಯನ್ನು ತಾವು ಬಳಸಿಕೊಳ್ಳಬಹುದು.

ರಜಾ ಅಧಿಕಾರಿ


೧೬ ಫೆಬ್ರವರಿ, ಭಾನುವಾರ

ಮಗಳೇ,

ಇಸ್ತ್ರಿಯ ಕಾಗದ ಇದರೊಳಗಿದೆ. ನೀನೇ ಓದು. ನಾಟಕ ಅಂದೆಯಲ್ಲ, ಸೀಲು ನೋಡು.

ಮ್ಯಾನೇಜರ ಹತ್ತಿರ ಹೋದೆ. “ನೀವೆಲ್ಲ ನಮ್ಮ ಮನೆಯವರಿದ್ದ ಹಾಗೆ, ಆದರೆ ರಜೆ ವಿಷಯ ಅವರನ್ನೇ ಕೇಳಿ” ಎಂದರು. ಮನೆಯವರಂತೆ! ಮನೆಯವನು ಒಂದು ವರ್ಷ ಸೋಮವಾರ ಸೋಮವಾರ ನಾಪತ್ತೆಯಾದರೆ ಹುಡುಕಬೇಕಿತ್ತಲ್ಲ ಸ್ವಾಮಿ, ಎಂದೆ. ಅವರು ಗಡಿಯಾರ ನೋಡಿಕೊಂಡರು.

ನಾಳೆ ಸೋಮವಾರ. ಬೆಳಗಿನ ಜಾವ ಹೋಗಿ ಬೆಂಕಿ ಹಾಕಬೇಕು. ಕಳೆದ ವಾರ ಇಸ್ತ್ರಿ ಬಾಯ್ಲರ್ ಮನೆಯ ಮುಂದೆಯೇ ಹಾದು ಹೋದ. “ನಮಸ್ಕಾರ, ನಾನು ಇಲ್ಲಿಲ್ಲ” ಎಂದೆ. ತಲೆಯಾಡಿಸಿ ಮುಂದೆ ನಡೆದ. ದೇವರಾಣೆ, ತಲೆಯಾಡಿಸಿದ!

ನಿವೃತ್ತಿಗೆ ಮೂರು ವರ್ಷ ಇದೆ. ರಜೆ ಇಲ್ಲದೆ ಹೋದರೆ ತೆಗೆದುಹಾಕುತ್ತಾರೆ. ಏನು ಮಾಡಲಿ ಎಂದು ಮೊದಲ ಸಲ ನಿನ್ನನ್ನು ಕೇಳುತ್ತಿದ್ದೇನೆ.

ಅಪ್ಪ


೨೭ ಫೆಬ್ರವರಿ

ಅಪ್ಪ,

ಓದಿದೆ. ಎಡಗಣ್ಣಿನಲ್ಲಿ, ಭೂತಗನ್ನಡಿ ಹಿಡಿದು, ಕರಡು ಓದುವ ಹಾಗೆ ಮೂರು ಸಲ ಓದಿದೆ. ಮೊದಲು ನಿನ್ನ ಕ್ಷಮೆ ಕೇಳಬೇಕು, ಕೇಳಿದ್ದೇನೆ ಅಂದುಕೋ. ಬಿಲ್ಲೆ ನಿಜ. ಆ ಮನುಷ್ಯನೂ ನಿಜ. ಇಷ್ಟು ನಯವಾದ ದಡ್ಡತನವನ್ನು ನಾನು ಅಚ್ಚಿನಲ್ಲೂ ಕಂಡಿಲ್ಲ.

ಅವನ ಎರಡನೇ ವಾಕ್ಯಕ್ಕೆ ಕೆಂಪು ಗುರುತು ಹಾಕಿದ್ದೇನೆ: “ಪ್ರತಿ ಸೋಮವಾರ ಎಂಟು ಗಂಟೆಗೆ ಸರಿಯಾಗಿ ಸೈರನ್ ಕೂಗಿದ ನಂತರ.” ನೀನಿರಲಿಲ್ಲ ಎಂದು ಬರೆಯಲು ಕೂತವನು, ನೀನು ಕೂಗಿಸಿದ ಸೈರನ್ನಿನ ಹೊತ್ತನ್ನೇ ಗುರುತಿಟ್ಟುಕೊಂಡು ಬರೆದಿದ್ದಾನೆ. ತನ್ನ ವಾಕ್ಯವನ್ನು ತಾನೇ ಓದದವನಿಗೆ ಅರ್ಜಿ ಮೇಲೆ ಅರ್ಜಿ ಕೊಟ್ಟು ಏನು ಬಂತು?

ಈಗ ಅಮ್ಮನ ಸೋಮವಾರ. ನೀನು ಬೆಳಗಿನ ಜಾವ ಆಸ್ಪತ್ರೆಯಿಂದ ಎದ್ದು ಹೋದೆ, “ಬೆಂಕಿ ಹಾಕಿ ಬಂದುಬಿಡ್ತೀನಿ” ಅಂದೆ. ಅಮ್ಮ ಹೋದದ್ದು ಒಂಬತ್ತೂವರೆಗೆ. ನೀನು ಬಂದದ್ದು ಹನ್ನೊಂದಕ್ಕೆ. ಇಷ್ಟು ನಿನಗೆ ಗೊತ್ತು. ಗೊತ್ತಿಲ್ಲದ್ದು ಇದು. ಎಂಟಕ್ಕೆ ಸೈರನ್ ಕೂಗಿದಾಗ ಅಮ್ಮ ಕಣ್ಣು ಬಿಟ್ಟಳು. ಕಿಟಕಿಯ ಕಡೆ ತಿರುಗಿ, “ಅದೋ, ನಿಮ್ಮಪ್ಪ” ಅಂದಳು. ಆಮೇಲೆ ಮಾತಾಡಲಿಲ್ಲ. ನಿನಗೆ ಹೇಳಬಾರದೆಂದು ಐದು ವರ್ಷ ಇಟ್ಟುಕೊಂಡಿದ್ದೆ. ಸಿಟ್ಟಿಗೇ ಇಟ್ಟುಕೊಂಡಿದ್ದೆ.

ಸಾಯುವ ಹೊತ್ತಿನಲ್ಲಿದ್ದವಳಿಗೆ ಬಿಲ್ಲೆ ನೋಡದೆ ನೀನೆಲ್ಲಿದ್ದೀ ಎಂದು ಗೊತ್ತಾಯಿತು. ಹಲಗೆಯ ಮುಂದೆ ನಿಂತವನಿಗೆ ಗೊತ್ತಾಗುವುದಿಲ್ಲ. ಕೂಗಿದ್ದು ಕೇಳದವನಿಗೆ ಕೂಗದೇ ಇದ್ದರೆ ಕೇಳಿಸಬಹುದೇನೋ.

ನಾನು ಏನೂ ಹೇಳಿಕೊಡುತ್ತಿಲ್ಲ. ಹದಿನೇಳು, ಸೋಮವಾರ, ಮಧ್ಯಾಹ್ನ ಮೂರು ಗಂಟೆ.

ಮೆಣಸಿನಕಾಯಿ


೧೫ ಮಾರ್ಚ್, ಶನಿವಾರ

ರಜಾ ಅಧಿಕಾರಿಗಳ ಸನ್ನಿಧಾನಕ್ಕೆ,

ತಮ್ಮ ಪುಸ್ತಕದ ಪ್ರಕಾರ ನಾನು ಸೋಮವಾರಗಳಂದು ಕಾರ್ಖಾನೆಗೆ ಬರುವವನಲ್ಲ. ಇಷ್ಟು ದಿನ ಈ ವಿಷಯ ನನಗೆ ತಿಳಿಯದೆ ಬರುತ್ತಿದ್ದೆ. ದೊಡ್ಡ ಮನಸ್ಸು ಮಾಡಿ ಕ್ಷಮಿಸಿ. ತಮ್ಮಂಥ ಬಲ್ಲವರ ಮಾತನ್ನು ಸುಳ್ಳು ಮಾಡಲು ಈ ಮಸಿ ಮೋರೆಯವನು ಯಾರು? ಹದಿನೇಳನೇ ತಾರೀಖಿನ ಸೋಮವಾರದಿಂದ ತಾವು ಬರೆದಂತೆಯೇ ನಡೆದುಕೊಳ್ಳುತ್ತೇನೆ. ಮಂಗಳವಾರ, ಬುಧವಾರಕ್ಕೆ ತಾವು ಉಳಿಸಿಕೊಟ್ಟ ಎರಡು ದಿನ ಹಾಕಿಕೊಳ್ಳಿ. ಗುರುವಾರದ ಯೋಚನೆ ತಮಗೇ ಇರಲಿ.

ಮಗಳ ವಿಳಾಸ ಕೆಳಗಿದೆ. ಸೌದೆ ಗೇಟಿನ ಬೀಗದ ಕೈ ಇದರೊಂದಿಗಿದೆ. ಬಿಲ್ಲೆ ಹಲಗೆಯ ಮೇಲೆಯೇ ಇದೆ. ಅದನ್ನು ತಾವು ಚೆನ್ನಾಗಿ ಬಲ್ಲಿರಿ.

ಹದಿನೇಳು


೧೭ ಮಾರ್ಚ್, ಸೋಮವಾರ
ಅತಿ ತುರ್ತು

ಹದಿನೇಳನೇ ನಂಬರಿನವರಿಗೆ,

ಈ ದಿನ ಬೆಳಿಗ್ಗೆ ಎಂಟಕ್ಕೆ ಸೈರನ್ ಕೂಗಿರುವುದಿಲ್ಲ. ಸೈರನ್ ಕೂಗದ ಕಾರಣ ಪೆಟ್ಟಿಗೆಗೆ ಬೀಗ ಹಾಕಲು ನಿಯಮದಲ್ಲಿ ಅವಕಾಶವಿಲ್ಲದೆ, ಯಾರು ಹಾಜರು ಯಾರು ರಜೆ ಎಂದು ನಮೂದಿಸಲಾಗದೆ, ಮುನ್ನೂರ ಹತ್ತು ಮಂದಿ ಕೆಲಸಗಾರರು ಮಧ್ಯಾಹ್ನದವರೆಗೆ ಗೇಟಿನಲ್ಲಿ ನಿಂತಿರುತ್ತಾರೆ. ಬಣ್ಣದ ತೊಟ್ಟಿಗಳು ತಣ್ಣಗಿವೆ. ಪರವಾನಗಿ ಇರುವ ಬೇರೊಬ್ಬರು ದೂರದಿಂದ ಬರಬೇಕಾಗಿದೆ.

ಇದಕ್ಕೆ ತಾವು ಅನುಮತಿಯಿಲ್ಲದೆ ಗೈರುಹಾಜರಾಗಿರುವುದೇ ಏಕೈಕ ಕಾರಣ. ಹಿಂದಿನ ಯಾವ ಸೋಮವಾರವೂ ತಾವು ಈ ರೀತಿ ಗೈರುಹಾಜರಾಗಿ ಕೆಲಸ ನಿಂತ ನಿದರ್ಶನವಿರುವುದಿಲ್ಲ. ಕೂಡಲೇ ಬಂದು ವಿವರಣೆ ನೀಡತಕ್ಕದ್ದು.

ರಜಾ ಅಧಿಕಾರಿ


೨೭ ಮಾರ್ಚ್, ಗುರುವಾರ

ಇಸ್ತ್ರಿ ಸಾಹೇಬರಿಗೆ,

ಹೌದು, ನಿಮ್ಮನ್ನು ನಾವೆಲ್ಲ ಕರೆಯುವುದು ಹಾಗೆಯೇ. ಇನ್ನು ಮುಚ್ಚುಮರೆ ಯಾಕೆ?

ನಿಮ್ಮ ತುರ್ತು ಕಾಗದ ಇಪ್ಪತ್ತೊಂದಕ್ಕೆ ಕೈಸೇರಿತು. ಇಲ್ಲಿ ಅಚ್ಚುಕೂಟದ ಮೇಲಿನ ಕೋಣೆಯಲ್ಲಿ ನನ್ನ ಮಗಳು ಮೇಜಿನ ತುದಿಯ ದಿಂಬಿಗೆ ಹಣೆಯೂರಿ ಕೂತಿದ್ದಾಳೆ. ಆಪರೇಷನ್ ಆಗಿ ಅಂದಿಗೆ ಮೂರನೇ ದಿನ. ಓದು ಎಂದಳು. ನಾನು ಎದ್ದು ನಿಂತು, ಎದೆ ತುಂಬ ಉಸಿರು ತೆಗೆದುಕೊಂಡು, ನಿಮ್ಮ ಕಾಗದವನ್ನು ರಾಜನ ಗಂಟಲಿನಲ್ಲಿ ಓದಿದೆ. “ನಿದರ್ಶನವಿರುವುದಿಲ್ಲ” ಎಂಬಲ್ಲಿಗೆ ಬಂದಾಗ ಕೆಳಗೆ ಯಂತ್ರ ನಡೆಸುವವರು ಯಂತ್ರ ನಿಲ್ಲಿಸಿ ಮೆಟ್ಟಿಲ ಮೇಲೆ ಬಂದು ನಿಂತಿದ್ದರು. ಮಗಳ ಬೆನ್ನು ಕುಲುಕುತ್ತಿತ್ತು. ಅಳುತ್ತಿದ್ದಾಳೆಂದು ಹೆದರಿದೆ. ನಗುತ್ತಿದ್ದಳು. “ಅಪ್ಪ, ನಗಿಸಬೇಡ, ಗುಳ್ಳೆ ಜಾರತ್ತೆ. ಆ ಒಂದು ಸಾಲು ಇನ್ನೊಂದ್ಸಲ ಓದು, ಮೆಲ್ಲಗೆ” ಎಂದಳು.

ಯಾವ ಸೋಮವಾರವೂ ನಾನು ಗೈರುಹಾಜರಾದದ್ದಿಲ್ಲ! ಸ್ವಾಮೀ, ನಿಮ್ಮ ಬಾಯಿಂದ ಈ ಮಾತು ಹೊರಡಿಸಲು ಮನವಿ ಬರೆದೆ, ಮ್ಯಾನೇಜರ ಕಾಲು ಹಿಡಿದೆ. ಕೊನೆಗೆ ನೀವೇ ಬರೆದು, ಸೀಲು ಹಾಕಿ, ಅಂಚೆ ಚೀಟಿಯನ್ನೂ ಅಂಟಿಸಿ ಕಳಿಸಿದಿರಿ. ನಿಮ್ಮ ಎರಡೂ ಕಾಗದಗಳನ್ನು ಮಗಳು ಹೇಳಿದ ಕಡೆ ಕೆಂಪು ಗೆರೆ ಎಳೆದು, ಒಂದರ ಪಕ್ಕ ಒಂದಿಟ್ಟು, ಮ್ಯಾನೇಜರಿಗೆ ಕಳಿಸಿದೆ. ನಿನ್ನೆ ಅವರ ತಂತಿ ಬಂತು, ಎರಡೇ ಸಾಲು: ನಲವತ್ನಾಲ್ಕು ದಿನ ನನ್ನ ಖಾತೆಗೆ ವಾಪಸು, ಮಗಳು ಗುಣವಾದ ಮೇಲೆ ಬಂದರೆ ಸಾಕು. ನಿಮ್ಮ ಬಗ್ಗೆ ಏನೂ ಬರೆದಿಲ್ಲ. ಅವರ ಮನೆಯವರಿದ್ದ ಹಾಗೆ ತಾನೇ ನೀವೂ.

ನಿಮ್ಮ ಮೇಲೆ ಸಿಟ್ಟಿಲ್ಲ. ಸಿಟ್ಟು ಮಾಡಿಕೊಳ್ಳಲು ಎದುರಿಗೆ ಒಬ್ಬ ಮನುಷ್ಯ ಬೇಕು. ಬೆಂಕಿ ಕಾಣದೆ, ಹಬೆ ಕಾಣದೆ, ಎದುರು ನಿಂತು ನಮಸ್ಕಾರ ಮಾಡಿದವನನ್ನೂ ಕಾಣದೆ, ಒಂದು ಬಿಲ್ಲೆಯನ್ನು ಮಾತ್ರ ಕಾಣುವ ನಿಮ್ಮ ಕಣ್ಣಿಗೆ ಯಾವ ಡಾಕ್ಟರು ಗುಳ್ಳೆ ತುಂಬಬೇಕೋ! ನನ್ನ ಮಗಳ ಒಂದು ಕಣ್ಣಿಗಷ್ಟೇ ತೂತು, ಅದೂ ಮುಚ್ಚುತ್ತಿದೆಯಂತೆ.

ನಲವತ್ನಾಲ್ಕು ಸೋಮವಾರಗಳ ತಪ್ಪು ತೀರಿತು. ಆದರೆ ನಿಮ್ಮ ಪುಸ್ತಕದಲ್ಲಿ ಇನ್ನೊಂದು ತಪ್ಪು ಉಳಿದಿದೆ. ಅದು ನಿಮ್ಮದಲ್ಲ. ಐದು ವರ್ಷದ ಹಿಂದಿನ ಪುಸ್ತಕ ತೆಗೆಯಿರಿ. ನವೆಂಬರ್ ಹನ್ನೊಂದು, ಸೋಮವಾರ. ಹದಿನೇಳರ ಎದುರು ಮುದುಕ ತನ್ನ ಗುಂಡನೆಯ ಅಕ್ಷರದಲ್ಲಿ ‘ಹಾಜರು’ ಎಂದು ಬರೆದಿದ್ದಾನೆ. ನಿಜವೇ, ಕಾರ್ಖಾನೆಯಲ್ಲಿದ್ದೆ. ಎಂಟಕ್ಕೆ ಸರಿಯಾಗಿ ಸೈರನ್ ಕೂಗಿಸಿದ್ದೆ. ಎರಡು ಮೈಲಿ ಆಚೆ ಒಬ್ಬಳು ಅದನ್ನು ಕೇಳಿಸಿಕೊಂಡಳು ಎಂದು ನನಗೆ ಗೊತ್ತಾದದ್ದು ಈ ಫೆಬ್ರವರಿಯಲ್ಲಿ.

ಆ ‘ಹಾಜರು’ ಹೊಡೆದು ಹಾಕಿ. ಕೆಂಪು ಶಾಯಿಯಲ್ಲಿ ‘ರಜೆ’ ಎಂದು ಬರೆಯಿರಿ. ನಲವತ್ನಾಲ್ಕರಲ್ಲಿ ಒಂದು ದಿನ ಕಳೆಯಿರಿ. ಇದಕ್ಕೆ ನಿಯಮ ಇಲ್ಲ, ಕಾಲಂ ಇಲ್ಲ ಎನ್ನುತ್ತೀರಿ; ಬಲ್ಲೆ. ಆದರೂ ಬರೆಯಿರಿ.

ಇಷ್ಟನ್ನೂ ಮಗಳಿಗೆ ಓದಿ ಹೇಳಿದೆ. ಕೊನೆಗೆ ಬರುವಷ್ಟರಲ್ಲಿ ನನ್ನ ಗಂಟಲು ಹಿಂದಿನ ಬೆಂಚಿಗಿರಲಿ, ಮೇಜಿನ ಆಚೆಗೂ ಕೇಳಿಸುವಂತಿರಲಿಲ್ಲ. ಏನಾದರೂ ತಿದ್ದುವುದಿದೆಯೇನೇ, ಎಂದೆ.

“ಹನ್ನೆರಡು ತಪ್ಪಿವೆ” ಎಂದಳು. “ಇರಲಿ ಬಿಡಪ್ಪ. ಹಾಗೇ ಅಚ್ಚಿಗೆ ಕಳಿಸು.”

ಇಂತಿ,
ಬಾಯ್ಲರಿನವನು,
ರಜೆಯ ಮೇಲೆ